ಊಟದ ಚೀಟಿಯಿಂದ ಕಾರ್ಡಿಗೆ: ಮೊದಲು ಹಳೆಯ ಚೀಟಿಗಳನ್ನು ಎಣಿಸಿ

ನಮ್ಮ ಕಚೇರಿಯಲ್ಲಿ ಊಟದ ಚೀಟಿ, ಅಂದರೆ ಹೋಟೆಲಿನಲ್ಲಿ ಹಣದ ಬದಲು ಕೊಡಬಹುದಾದ ಕಾಗದದ ಕೂಪನ್, ಸಿಬ್ಬಂದಿಗೆ ಹಂಚುವ ಕೆಲಸ ವರ್ಷಗಟ್ಟಲೆ ನನ್ನದಾಗಿತ್ತು. ಚೀಟಿ ಪುಸ್ತಕ ಎಣಿಸಿ, ಕ್ರಮಸಂಖ್ಯೆ ಬರೆದು, ಸಹಿ ಹಾಕಿಸಿಕೊಳ್ಳುವಷ್ಟರಲ್ಲಿ ಎರಡು ದಿನ ಕಳೆಯುತ್ತಿತ್ತು. ಚೀಟಿ ಬಿಟ್ಟು, ಊಟದ ಹಣ ತುಂಬಿಸಿಕೊಡುವ ಕಾರ್ಡಿಗೆ ಬದಲಾಗುವಾಗ ನಾನು ಕಲಿತದ್ದಿಷ್ಟು.

ಉಳಿದಿರುವ ಚೀಟಿಗಳ ಲೆಕ್ಕ ಮೊದಲು ಮುಗಿಸಿ. ಅವುಗಳ ಮೇಲೆ ಮುದ್ರಿಸಿದ ಕೊನೆಯ ದಿನಾಂಕ ನೋಡಿ, ಹೊಸ ಪುಸ್ತಕ ತರಿಸುವುದನ್ನು ಯಾವ ತಿಂಗಳು ನಿಲ್ಲಿಸಬೇಕೆಂದು ಗೊತ್ತು ಮಾಡಿ. ಬಳಸದ ಚೀಟಿಗೆ ಹಣ ವಾಪಸ್ ಸಿಗುವುದೇ ಎಂದು ವಿತರಕರಿಂದ ಲಿಖಿತ ಉತ್ತರ ಪಡೆಯಿರಿ. ಹೆರಿಗೆ ರಜೆ ಮುಗಿಸಿ ಬಂದ ಸಹೋದ್ಯೋಗಿಯೊಬ್ಬರ ಕೈಯಲ್ಲಿ ಒಂದೂ ಹರಿಯದ ಇಡೀ ಪುಸ್ತಕವಿತ್ತು. ಅವಧಿ ಹಿಂದಿನ ವಾರವೇ ಮುಗಿದಿತ್ತು. ಅವರ ಮುಖ ಇನ್ನೂ ಕಣ್ಣ ಮುಂದಿದೆ. ರಜೆಯಲ್ಲಿರುವವರಿಗೆ ದಯವಿಟ್ಟು ಫೋನ್ ಮಾಡಿಯೇ ತಿಳಿಸಿ, ಇಮೇಲ್ ಸಾಲದು.

ನಂತರ ಸಿಬ್ಬಂದಿ ನಿಜವಾಗಿ ಊಟ ಮಾಡುವ ಜಾಗಗಳನ್ನು ಪಟ್ಟಿ ಮಾಡಿ, ಒಂದು ಕಾರ್ಡ್ ಹಿಡಿದು ನೀವೇ ಹೋಗಿ ಬನ್ನಿ. ಇಂಥ ಕಾರ್ಡುಗಳು ಸಾಮಾನ್ಯವಾಗಿ ಅಂಗಡಿ ನೋಂದಾಯಿಸಿಕೊಂಡ ವರ್ಗ ನೋಡಿ ಪಾವತಿ ಒಪ್ಪುತ್ತವೆ. ಊಟವನ್ನೇ ಮಾರುವ ಅಂಗಡಿಯೂ ಬೇರೆ ವರ್ಗದಲ್ಲಿದ್ದರೆ ಯಂತ್ರ ನಿರಾಕರಿಸಬಹುದು. ಹಸಿದವರು ಸಾಲಿನಲ್ಲಿ ನಿಂತಾಗ ಇದು ತಿಳಿಯಬಾರದು.

ಕಾರ್ಡ್ ಕೊಡುವಾಗ ಹೆಸರು ತಾಳೆ ನೋಡಿ, ಪಿನ್ ಅಲ್ಲೇ ಬದಲಾಯಿಸಲು ಹೇಳಿ. ಕಳೆದರೆ ತಡೆಹಿಡಿಸಲು ಕರೆ ಮಾಡಬೇಕಾದ ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಉಳಿಸಿಕೊಡಿ. ಚೀಟಿಗೆ ಚಿಲ್ಲರೆ ಸಿಗದೆ ಬೇಡದ್ದನ್ನೂ ಕೊಳ್ಳುತ್ತಿದ್ದವರಿಗೆ, ಕಾರ್ಡಿನಲ್ಲಿ ಬಿಲ್ಲಿನಷ್ಟೇ ಹಣ ಕಡಿತವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಿ. ನಮ್ಮಲ್ಲಿ ಹಿರಿಯರು ಒಪ್ಪಿದ್ದು ಈ ಮಾತಿಗೇ.