100 ಲೀಟರ್ ನೀರಿನೊಡನೆ ದಕ್ಷಿಣ ಫ್ರಾನ್ಸ್

ತುಲೂಸ್‌ನಲ್ಲಿ ನಾವು ಬಾಡಿಗೆಗೆ ಪಡೆದ ಕ್ಯಾಂಪರ್‌ವ್ಯಾನಿನ ನೀರಿನ ಟ್ಯಾಂಕು 100 ಲೀಟರಿನದು. ಅಡುಗೆ, ಪಾತ್ರೆ, ಸ್ನಾನ, ಎಲ್ಲಕ್ಕೂ ಅಷ್ಟೇ. ನಾನು, ನನ್ನ ಹೆಂಡತಿ, ಹನ್ನೊಂದು ವರ್ಷದ ಮಗಳು, ಒಟ್ಟು ಮೂವರು. ಬೆಂಗಳೂರಿನ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದು ಅಭ್ಯಾಸವಿದ್ದ ನಮಗೂ ಮೊದಲ ಟ್ಯಾಂಕು ಎರಡನೆಯ ದಿನ ಬೆಳಗಾಗುವಷ್ಟರಲ್ಲಿ ಬರಿದಾಯಿತು. ಸೆಪ್ಟೆಂಬರಿನ ಆ ಹನ್ನೆರಡು ದಿನಗಳಲ್ಲಿ ನಮಗೆ ಸಿಕ್ಕ ಸುಖ, ಕಷ್ಟ ಎರಡೂ ಬಹುಪಾಲು ನೀರಿನಿಂದಲೇ ಬಂದವು.

ಫ್ರಾನ್ಸಿನ ಸಣ್ಣ ಊರುಗಳಲ್ಲೂ ಕ್ಯಾಂಪರ್‌ವ್ಯಾನ್‌ಗಳಿಗೆಂದೇ ತಂಗುದಾಣಗಳಿವೆ. ಅವನ್ನು 'ಏರ್' ಎನ್ನುತ್ತಾರೆ. ಅಲ್ಲಿ ನೀರು ತುಂಬಿಸಿಕೊಳ್ಳಬಹುದು, ಬಳಸಿದ ನೀರನ್ನೂ ಶೌಚದ ಪೆಟ್ಟಿಗೆಯನ್ನೂ ಖಾಲಿ ಮಾಡಬಹುದು. ಕೆಲವು ಕಡೆ ನಲ್ಲಿ ತೆರೆಯಬೇಕಾದರೆ 'ಜೆಟಾನ್' ಎಂಬ ಬಿಲ್ಲೆ ಹಾಕಬೇಕು. ನಾವು ಹೋದದ್ದು ಭಾನುವಾರ ಮಧ್ಯಾಹ್ನ. ಬಿಲ್ಲೆ ಮಾರುವ ಪ್ರವಾಸಿ ಕಚೇರಿಗೆ ಬೀಗ ಬಿದ್ದಿತ್ತು. ಪಕ್ಕದ ವ್ಯಾನಿನ ವೃದ್ಧ ದಂಪತಿ ನಮ್ಮ ಪೇಚಾಟ ಕಂಡು ತಮ್ಮ ಬಳಿಯಿದ್ದ ಬಿಲ್ಲೆಯನ್ನು ತಂದು ಕೊಟ್ಟರು. ಎಷ್ಟು ಹೇಳಿದರೂ ಹಣ ಮುಟ್ಟಲಿಲ್ಲ. ನನ್ನ ಹೆಂಡತಿ ಡಬ್ಬಿಯಿಂದ ಚಕ್ಕುಲಿ ತೆಗೆದು ಕೊಟ್ಟಾಗ ಮಾತ್ರ ಎರಡೂ ಕೈ ಚಾಚಿದರು. ಅಂದಿನಿಂದ ಕೈಯಲ್ಲಿ ಎರಡು ಬಿಲ್ಲೆ ಇಲ್ಲದೆ ನಾವು ಯಾವ ಊರನ್ನೂ ಬಿಡಲಿಲ್ಲ. ಪಾತ್ರೆಗಳನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯುವುದನ್ನು ರೂಢಿಸಿಕೊಂಡ ಮೇಲೆ ಒಂದು ಟ್ಯಾಂಕು ಮೂರು ದಿನ ಬರತೊಡಗಿತು.

ಮರುದಿನ ನೊರೂಜ್‌ಗೆ ಹೋದೆವು. ಇದು ತುಲೂಸ್‌ನಿಂದ ಮೆಡಿಟರೇನಿಯನ್ ಕಡಲಿಗೆ ಹೋಗುವ ದೋಣಿ ಕಾಲುವೆ ಕೆನಾಲ್ ದು ಮಿದಿಯ ಅತಿ ಎತ್ತರದ ಸ್ಥಳ, ಸಮುದ್ರಮಟ್ಟದಿಂದ 189 ಮೀಟರ್. ಕಾಲುವೆಯಲ್ಲಿ ದೋಣಿ ಬೆಟ್ಟ ಹತ್ತುವುದು ಒಂದೊಂದೇ ಗೇಟಿನ ಕೋಣೆಗೆ ನೀರು ತುಂಬಿಸಿ. ಹಾಗೆ ತುಂಬಿದ ನೀರು ಪ್ರತಿ ಬಾರಿಯೂ ಕೆಳಕ್ಕೆ ಹರಿದುಹೋಗುತ್ತದೆ. ಆದ್ದರಿಂದ ನೆತ್ತಿಯಲ್ಲಿ ಸದಾ ನೀರಿರಬೇಕು. ಕಾಲುವೆಯನ್ನು ಕಟ್ಟಿಸಿದ ಪಿಯೆರ್ ಪೌಲ್ ರಿಕೆ ಈ ಗಂಟನ್ನು ಬಿಡಿಸಿದ. ಮೊಂತಾಞ್ ನ್ವಾರ್ ಬೆಟ್ಟಗಳ ತೊರೆಗಳನ್ನು ಒಟ್ಟುಗೂಡಿಸಿ ಇಲ್ಲಿಗೆ ಹರಿಸಿದ. ಇಲ್ಲಿಂದ ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ ಇಳಿಯುತ್ತದೆ. ಕೆಲಸ ಶುರುವಾದದ್ದು 1666ರಲ್ಲಿ, ಕಾಲುವೆ ತೆರೆದದ್ದು 1681ರಲ್ಲಿ. ಅದಕ್ಕೆ ಕೆಲವೇ ತಿಂಗಳ ಮೊದಲು ರಿಕೆ ತೀರಿಕೊಂಡಿದ್ದ. ಅಲ್ಲಿ ನಿಂತಾಗ ನನಗೆ ನಿಜವಾಗಿಯೂ ಗಂಟಲು ಕಟ್ಟಿತು. ಮುಂದೆ ದಡದುದ್ದಕ್ಕೂ ಸಾಲುಮರಗಳನ್ನು ಕಡಿದ ಬೋಳು ಜಾಗಗಳು ಸಿಕ್ಕವು. 2006ರಲ್ಲಿ ಇಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗವೊಂದು ಪ್ಲೇನ್ ಮರಗಳನ್ನು ಸಾವಿರಗಟ್ಟಲೆ ಬಲಿ ತೆಗೆದುಕೊಂಡಿದೆ. ಬದಲಿಗೆ ನೆಟ್ಟ ಸಸಿಗಳು ನೆರಳು ಕೊಡಲು ಇನ್ನೂ ವರ್ಷಗಳು ಬೇಕು.

ಬೇಝಿಯೆ ದಾಟಿ ಕಡಲತೀರಕ್ಕೆ ಇಳಿದ ದಿನವೇ ನಮ್ಮ ಪಾಲಿನ ಕೆಟ್ಟ ದಿನ. ನಾವು ಹೋದ ಪ್ರತಿ ವಾಹನ ನಿಲ್ದಾಣದ ಬಾಗಿಲಿಗೂ ಎರಡು ಮೀಟರ್ ಎತ್ತರದಲ್ಲಿ ಅಡ್ಡಪಟ್ಟಿ. ನಮ್ಮ ವ್ಯಾನು 2.6 ಮೀಟರ್. ಮೂರು ಕಡೆ ಹಿಂತಿರುಗಿ, ಕೊನೆಗೆ ರಸ್ತೆಬದಿಯ ತೆರೆದ ಜಾಗದಲ್ಲಿ ನಿಲ್ಲಿಸಿ ಸಮುದ್ರಕ್ಕೆ ಹೋದೆವು. ಒಂದು ಗಂಟೆಯ ಮೇಲೆ ಬಂದು ನೋಡಿದರೆ ಪಕ್ಕದ ಗಾಜು ಪುಡಿಯಾಗಿತ್ತು. ಲ್ಯಾಪ್‌ಟಾಪ್ ಇದ್ದ ಚೀಲ ಹೋಗಿತ್ತು, ಅದರೊಳಗಿದ್ದ ಮಗಳ ಚಿತ್ರದ ಪುಸ್ತಕವೂ ಹೋಗಿತ್ತು. ಪಾಸ್‌ಪೋರ್ಟ್‌ಗಳು ನನ್ನ ಸೊಂಟದ ಚೀಲದಲ್ಲಿದ್ದವು. ಪೊಲೀಸರಲ್ಲಿ ದೂರು ಬರೆಸಲು ಎರಡು ಗಂಟೆ ಹಿಡಿಯಿತು. ವಿಮೆಗೆ ಆ ಕಾಗದ ಬೇಕೇ ಬೇಕು, ಆದ್ದರಿಂದ ಬೇಸರವೆಂದು ಬಿಟ್ಟುಬರಬೇಡಿ. ಮಗಳು ಆ ರಾತ್ರಿ ಊಟ ಮಾಡಲಿಲ್ಲ.

ಕಮಾರ್ಗ್ ನಮ್ಮನ್ನು ಸಮಾಧಾನಪಡಿಸಿತು. ರೋನ್ ನದಿ ಸಮುದ್ರ ಸೇರುವ ಈ ಜೌಗುನೆಲದಲ್ಲಿ ಬಿಳಿ ಕುದುರೆಗಳು, ಗುಲಾಬಿ ರಾಜಹಂಸಗಳು, ಸಂಜೆಯಾದರೆ ಸಹಿಸಲಾಗದಷ್ಟು ಸೊಳ್ಳೆಗಳು. ಅಲ್ಲಿ ನಾನು ನಿರೀಕ್ಷಿಸದೇ ಇದ್ದದ್ದು ಹಳದಿಗೆ ತಿರುಗಿದ ಭತ್ತದ ಗದ್ದೆ. ಉಪ್ಪುನೆಲಕ್ಕೆ ರೋನ್‌ನ ಸಿಹಿನೀರು ನಿಲ್ಲಿಸಿ ಭತ್ತ ಬೆಳೆದರೆ ಉಪ್ಪು ಕೆಳಗಿಳಿಯುತ್ತದೆ, ಮುಂದೆ ಬೇರೆ ಬೆಳೆಗೂ ನೆಲ ಒದಗುತ್ತದೆ. ಆ ಅಕ್ಕಿಯನ್ನೇ ಕೊಂಡು ವ್ಯಾನಿನಲ್ಲಿ ಅನ್ನ, ತಿಳಿಸಾರು ಮಾಡಿದೆವು. ಮಗಳು ಮೂರು ಸಲ ಬಡಿಸಿಕೊಂಡಳು. ಸೇಂತ್ ಮರೀ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಕಪ್ಪು ಸಾರಾಳ ಮೂರ್ತಿಯಿದೆ. ಅವಳನ್ನು ತಮ್ಮ ಸಂತಳೆಂದು ಪೂಜಿಸುವ ರೋಮಾ (ಜಿಪ್ಸಿ) ಜನರು ಪ್ರತಿ ಮೇ ತಿಂಗಳಲ್ಲಿ ಅವಳನ್ನು ಕಡಲಿನವರೆಗೆ ಹೊತ್ತೊಯ್ಯುತ್ತಾರೆ. ಇವರ ಪೂರ್ವಜರು ಭಾರತದಿಂದ ಹೊರಟವರು. ರೊಮಾನಿ ಭಾಷೆಯಲ್ಲಿ ನೀರಿಗೆ ಇಂದಿಗೂ 'ಪಾನಿ' ಎನ್ನುತ್ತಾರೆ.

ಪೋಂ ದು ಗಾರ್ ಸೇತುವೆಯನ್ನು ನೋಡಿದ ಸಂಜೆ ಆಕಾಶ ಕಪ್ಪಾಗಿತ್ತು. ಯುಜೆಸ್‌ನಿಂದ ನೀಮ್‌ಗೆ ಸುಮಾರು 50 ಕಿಲೋಮೀಟರ್ ನೀರು ಒಯ್ಯುತ್ತಿದ್ದ ರೋಮನ್ ಕಾಲುವೆಗೆ ಅಷ್ಟು ದೂರಕ್ಕೂ ಇದ್ದ ಇಳಿಜಾರು ಹದಿಮೂರು ಮೀಟರಿನಷ್ಟು. ಆ ಕಾಲುವೆಯನ್ನು ನದಿಯಾಚೆ ದಾಟಿಸುತ್ತಿದ್ದ ಈ ಸೇತುವೆ 49 ಮೀಟರ್ ಎತ್ತರ. ರಾತ್ರಿ ಹತ್ತಕ್ಕೆ ಯಾರೋ ನಮ್ಮ ಬಾಗಿಲು ಬಡಿದು, ಹೊಳೆ ಉಕ್ಕಬಹುದೆಂದು ಎಚ್ಚರಿಸಿದರು. ಶರತ್ಕಾಲದಲ್ಲಿ ಕಡಲಿನ ಬಿಸಿ ಗಾಳಿ ಸೆವೆನ್ ಎಂಬ ಬೆಟ್ಟಸಾಲಿಗೆ ತಾಗಿ ಸುರಿಯುವ ಮಳೆ ಇಲ್ಲಿ ನದಿಯನ್ನು ಕೆಲವೇ ಗಂಟೆಗಳಲ್ಲಿ ಉಕ್ಕಿಸುತ್ತದೆ. 2002ರ ಸೆಪ್ಟೆಂಬರಿನಲ್ಲಿ ಇಂಥದೇ ಪ್ರವಾಹದಲ್ಲಿ ಜನ ಸತ್ತಿದ್ದರು. ಹೊಳೆಯ ಬದಿಯಲ್ಲಿದ್ದ ನಾವೆಲ್ಲರೂ ವ್ಯಾನ್‌ಗಳನ್ನು ಸಾಲಾಗಿ ಊರ ಮೇಲ್ಭಾಗಕ್ಕೆ ಒಯ್ದೆವು. ಬೆಳಿಗ್ಗೆ ಗಾರ್ದೋಂ ನದಿ ಕೆಂಪು ಮಣ್ಣಿನ ಬಣ್ಣದಲ್ಲಿ ಭೋರ್ಗರೆಯುತ್ತಿತ್ತು. ಬಾಗಿಲು ಬಡಿದವರು ಯಾರೆಂದು ಎಷ್ಟು ವಿಚಾರಿಸಿದರೂ ತಿಳಿಯಲಿಲ್ಲ.

ತುಲೂಸ್‌ನಲ್ಲಿ ವ್ಯಾನ್ ಹಿಂದಿರುಗಿಸಿದಾಗ ಬಾಡಿಗೆ ಸಂಸ್ಥೆಯವರು ಗಾಜಿನ ಹಣದ ಜೊತೆಗೆ, ಮೊದಲೇ ಇದ್ದ ಒಂದು ಗೀರಿಗೂ ಠೇವಣಿಯಲ್ಲಿ ಮುರಿದುಕೊಂಡರು. ಪಡೆಯುವ ದಿನ ನಾನು ನಾಲ್ಕು ಫೋಟೋ ಮಾತ್ರ ತೆಗೆದಿದ್ದೆ. ಛಾವಣಿಯಿಂದ ಚಕ್ರದವರೆಗೆ ವಿಡಿಯೊ ಮಾಡಬೇಕಿತ್ತು. ಆ ಅನ್ಯಾಯ ಇನ್ನೂ ಚುಚ್ಚುತ್ತದೆ. ಮಗಳಿಗೆ ಹೊಸ ಚಿತ್ರದ ಪುಸ್ತಕ ಕೊಡಿಸಿದ್ದೇವೆ. ಅದರ ಮೊದಲ ಪುಟದಲ್ಲಿ ಅವಳು ನಕ್ಷೆ ಬರೆದು ಸೇಂತ್ ಫೆರಿಯೋಲ್ ಜಲಾಶಯವನ್ನು ನೀಲಿಯಲ್ಲಿ ಗುರುತಿಸಿದ್ದಾಳೆ. ರಿಕೆ ಬೆಟ್ಟದ ನೀರನ್ನು ಕೂಡಿಟ್ಟ ಆ ಕೆರೆಗೆ ಹೋಗಲು ಈ ಸಲ ನಮಗೆ ಆಗಿರಲಿಲ್ಲ.