ಅವ್ವನ ಆಪರೇಷನ್‌ಗೆ ದುಡ್ಡು ಹೊಂದಿಸಿದ್ದು: ನನ್ನ ಅನುಭವ

ಅವ್ವನ ಹೃದಯದ ಕವಾಟ ಬದಲಾಯಿಸಬೇಕು ಅಂತ ಡಾಕ್ಟರ್ ಹೇಳಿದ ದಿನ ನನ್ನ ಅಕೌಂಟಿನಲ್ಲಿ ಇದ್ದಿದ್ದು 23,000 ರೂಪಾಯಿ. ನಾನು ಮೈಸೂರಿನಲ್ಲಿ ಆಟೋ ಓಡಿಸುತ್ತೇನೆ. ಅವ್ವ ಮದ್ದೂರು ಹತ್ತಿರದ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ನಮ್ಮಲ್ಲಿ ಯಾರೂ ಆರೋಗ್ಯ ವಿಮೆ ಮಾಡಿಸಿರಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಅವ್ವನಿಗೆ ಏದುಸಿರು ಬರುತ್ತಿತ್ತು. ವಯಸ್ಸಾಯಿತಲ್ಲ ಅಂತ ನಾವೂ ಸುಮ್ನಿದ್ದೆವು. ಚಿಕ್ಕಂದಿನಲ್ಲಿ ಬಂದಿದ್ದ ಕೀಲುನೋವಿನ ಜ್ವರ ಕವಾಟವನ್ನು ಹಾಳು ಮಾಡಿದೆ ಅಂತ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದ ಮೇಲೆ ಗೊತ್ತಾಯಿತು.

ಎಕೋ ಮಾಡಿಸಿದ ಖಾಸಗಿ ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಟ್ಟರು. 3,40,000 ಅಂತ ಬರೆದಿತ್ತು. ನಾಳೆ ಸಂಜೆಯೊಳಗೆ 50,000 ಅಡ್ವಾನ್ಸ್ ಕಟ್ಟಿ ಅಂದರು. ಸರ್ಕಾರದ ಯೋಜನೆ ಏನಾದರೂ ಇದೆಯಾ ಅಂತ ಕೇಳಿದ್ದಕ್ಕೆ 'ನಮ್ಮಲ್ಲಿ ಇಲ್ಲ' ಅಂದರು, ಅಷ್ಟೇ. ಬೇರೆ ಎಲ್ಲಿದೆ ಅಂತ ಯಾರೂ ಹೇಳಲಿಲ್ಲ.

ಆ ರಾತ್ರಿ ನನ್ನ ಬಾಡಿಗೆ ಮನೆಯಲ್ಲಿ ಅವ್ವ ಕತ್ತಿನ ಸರ ಬಿಚ್ಚೋಕೆ ಕೂತಳು. ಕೊಂಡಿ ಬಿಗಿಯಾಗಿತ್ತು, ಬೆರಳು ಊದಿಕೊಂಡಿದ್ದವು. ಬಿಚ್ಚೋಕೆ ಆಗಲಿಲ್ಲ. 'ನೀನೇ ಬಿಚ್ಲಾ ಮಗ, ಗಿರವಿ ಇಟ್ಟುಬುಡು, ನಂಗ್ಯಾಕೆ ಇದು' ಅಂದಳು. ನನ್ನ ಕೈ ಮುಂದೆ ಹೋಗಲಿಲ್ಲ.

ಬೆಳಿಗ್ಗೆ ಊರಿನ ಆಶಾ ಕಾರ್ಯಕರ್ತೆ ಫೋನ್ ಮಾಡಿದರು. ಅಣ್ಣ ಅವರಿಗೆ ವಿಷಯ ಹೇಳಿದ್ದ. 'ತಡಿಯಪ್ಪ, ಒಂದು ರೂಪಾಯಿನೂ ಕಟ್ಬೇಡ. ಅವ್ವನ ರೇಷನ್ ಕಾರ್ಡ್ ಎಲ್ಲೈತೆ, ಅದ ಹೇಳು ಮೊದ್ಲು' ಅಂದರು. ಆ ಅಕ್ಕನನ್ನು ನಾನು ಸಾಯೋವರೆಗೂ ಮರೆಯಲ್ಲ.

ಅವರು ಹೇಳಿದ್ದು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಬಗ್ಗೆ. ಇದು ನಮ್ಮ ರಾಜ್ಯದಲ್ಲಿ 2018ರಿಂದ ಇದೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿರುವ ದರ) ಶೇ. 30ರಷ್ಟನ್ನು ಸರ್ಕಾರ ಕೊಡುತ್ತೆ, ವರ್ಷಕ್ಕೆ 1.5 ಲಕ್ಷದವರೆಗೆ. ಮುಖ್ಯವಾದದ್ದು ಇದು: ಆಪರೇಷನ್‌ಗೆ ಮೊದಲೇ ಒಪ್ಪಿಗೆ ಬರಬೇಕು. ನಾವು ದುಡ್ಡು ಕಟ್ಟಿ ಆಪರೇಷನ್ ಮಾಡಿಸಿಕೊಂಡು ಆಮೇಲೆ ಬಿಲ್ಲು ತಂದು ಕೇಳಿದರೆ ವಾಪಸ್ ಕೊಡಲ್ಲ. ಆ 50,000 ಕಟ್ಟಿ ಶುರು ಮಾಡಿಬಿಟ್ಟಿದ್ದರೆ ನನ್ನ ಕಥೆ ಅಲ್ಲಿಗೆ ಮುಗೀತಿತ್ತು.

ಮಾತ್ರೆಯಿಂದ ಅವ್ವನ ಉಸಿರು ಹತೋಟಿಗೆ ಬಂದಿತ್ತು. ಎರಡು ಮೂರು ವಾರ ಕಾಯಬಹುದಾ ಅಂತ ಡಾಕ್ಟರನ್ನೇ ಕೇಳಿದೆ. ಆಗಬಹುದು ಅಂದರು. ಇದನ್ನು ನೀವೂ ನೇರವಾಗಿ ಕೇಳಿ, ನೀವೇ ಅಂದಾಜು ಮಾಡಬೇಡಿ. ತುರ್ತು ಸ್ಥಿತಿಯಾದರೆ ಅದರ ದಾರಿಯೇ ಬೇರೆ, ಆಗ ರೆಫರಲ್ ಪತ್ರಕ್ಕೆ, ಅಂದರೆ ಬೇರೆ ಆಸ್ಪತ್ರೆಗೆ ಕಳಿಸಿಕೊಡುವ ಚೀಟಿಗೆ, ಅಲೆಯಬೇಕಿಲ್ಲ.

ಕೆಆರ್‌ಎಸ್ ರಸ್ತೆಯಲ್ಲಿರುವ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸರ್ಕಾರದ್ದೇ ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ ಅನ್ನಿಸಿತು. ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗೋದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಮಂಡ್ಯದವರು ಅಲ್ಲಿನ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ, ಮೈಸೂರಿನವರು ಕೆ.ಆರ್. ಆಸ್ಪತ್ರೆಯಲ್ಲಿ ಕೇಳಬಹುದು.

ಒಳಗೆ ಹೋದವನೇ ಕೇಳಿದ್ದು ಆರೋಗ್ಯ ಮಿತ್ರ, ಅಂದರೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವವರು, ಎಲ್ಲಿ ಕೂರುತ್ತಾರೆ ಅಂತ. ಆ ಒಂದು ಕೌಂಟರ್ ಗೊತ್ತಿದ್ದರೆ ಅರ್ಧ ಕೆಲಸ ಆದಂಗೆ. ರೇಷನ್ ಕಾರ್ಡ್, ಆಧಾರ್, ಎಕೋ ರಿಪೋರ್ಟ್ ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದೆ. ಆದರೂ ತೊಡಕು ಬಂತು. ಅಣ್ಣನ ಕಾರ್ಡಿನಲ್ಲಿ ಅವ್ವನ ಹೆಸರಿತ್ತು, ಇ-ಕೆವೈಸಿ, ಅಂದರೆ ಬೆರಳಚ್ಚು ಕೊಟ್ಟು ಗುರುತು ಖಚಿತಪಡಿಸೋದು, ಮಾತ್ರ ಆಗಿರಲಿಲ್ಲ. ಅವತ್ತೇ ಬಸ್ ಹತ್ತಿ ಊರಿಗೆ ಹೋದೆವು. ನ್ಯಾಯಬೆಲೆ ಅಂಗಡಿಯಲ್ಲಿ ಅವ್ವ ಹೆಬ್ಬೆಟ್ಟು ಒತ್ತಿದರೆ ಮಿಷನ್ ಹಿಡೀತಿಲ್ಲ. ನಲವತ್ತು ವರ್ಷ ಕಳೆ ಕಿತ್ತು, ಕಬ್ಬಿನ ಸೋಗೆ ಸುಲಿದು ಬೆರಳಿನ ಗೆರೆಯೆಲ್ಲ ಸವೆದುಹೋಗಿದೆ. ಕೈ ತೊಳೆದೆವು, ಒರೆಸಿದೆವು, ಒಂದೊಂದೇ ಬೆರಳು ಇಟ್ಟು ನೋಡಿದೆವು. ಕೊನೆಗೆ ಎಡಗೈ ನಡುಬೆರಳು ಹಿಡಿಯಿತು. ಅಂಗಡಿಯವರೂ ಉಸಿರು ಬಿಟ್ಟರು. ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಉಸಿರಾಡೋಕೆ ಕಷ್ಟಪಡುವ ಹೆಂಗಸನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಆಮೇಲೆ ಆಸ್ಪತ್ರೆಯವರೇ ಆನ್‌ಲೈನ್‌ನಲ್ಲಿ ಕಾಗದಪತ್ರ ಕಳಿಸಿದರು. ಒಪ್ಪಿಗೆ ಬಂತು, ಆಪರೇಷನ್ ಆಯಿತು. ಹೊಸ ಕವಾಟದ ಖರ್ಚೂ ಪ್ಯಾಕೇಜಿನಲ್ಲೇ ಸೇರಿತ್ತು. ರಕ್ತ ಕೊಡೋಕೆ ಆಟೋ ಸ್ಟ್ಯಾಂಡಿನ ನಾಲ್ವರು ಗೆಳೆಯರು ಬಂದರು. ಒಬ್ಬ ಅವತ್ತಿನ ಬಾಡಿಗೆ ಬಿಟ್ಟು ಬಂದಿದ್ದ.

ಹಾಗಂತ ಖರ್ಚೇ ಆಗಲಿಲ್ಲ ಅಂತಲ್ಲ. ಮೊದಲಿನ ಟೆಸ್ಟು, ನಮ್ಮ ಊಟ, ಓಡಾಟ, ನಾನು ಗಾಡಿ ನಿಲ್ಲಿಸಿದ ದಿನಗಳು ಎಲ್ಲಾ ಸೇರಿ ಮೂವತ್ತು ಸಾವಿರ ದಾಟಿತು. ಸ್ವಲ್ಪ ಕೈಸಾಲ ಆಯಿತು, ತೀರಿಸಿದೆ.

ಅದೇ ವರ್ಷ ಸ್ಟ್ಯಾಂಡಿನ ಗೆಳೆಯನೊಬ್ಬನ ಅಪ್ಪನಿಗೂ ಆಪರೇಷನ್ ಬಂತು. ಅವರದು ಎಪಿಎಲ್ ಕಾರ್ಡ್. ಜಾಸ್ತಿ ಪಾಲು ಅವರೇ ಕಟ್ಟಬೇಕಾಯಿತು. ಆ ಬಿಲ್ಲುಗಳನ್ನು ಇಟ್ಟುಕೊಂಡು ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿಸಿದೆವು. ಶಾಸಕರ ಕಚೇರಿಗೆ ನಾನೂ ಜೊತೆಗೆ ಹೋಗಿ ಪತ್ರ ತಂದೆ. ಅಲ್ಲಿಗೆ ಅಸಲಿ ಬಿಲ್ಲು ಬೇಕು, ಜೆರಾಕ್ಸ್ ನಡೆಯಲ್ಲ. ಮೆಡಿಕಲ್ ಸ್ಟೋರಿನ ಚೀಟಿ ಸಣ್ಣದು ಅಂತ ಅವನು ಎಷ್ಟೋ ಬಿಸಾಡಿಬಿಟ್ಟಿದ್ದ. ಉಳಿದಿದ್ದನ್ನು ಅಂಗಿ ಜೇಬು, ಆಟೋ ಸೀಟಿನ ಕೆಳಗೆಲ್ಲ ಹುಡುಕಿ ಜೋಡಿಸಿದೆವು.

ಹಾಲಿನ ಡೈರಿಯಂಥ ಸಹಕಾರ ಸಂಘದಲ್ಲಿ ಸದಸ್ಯರಾಗಿರುವವರಿಗೆ ಯಶಸ್ವಿನಿ ಯೋಜನೆಯೂ ಇದೆ. ನಡುವೆ ನಿಂತಿದ್ದು 2023ರಲ್ಲಿ ಮತ್ತೆ ಶುರುವಾಯಿತು. ಆದರೆ ಕಾಯಿಲೆ ಬಂದ ಮೇಲೆ ಓಡಿದರೆ ಆಗಲ್ಲ, ನೋಂದಣಿ ನಡೆಯುವಾಗಲೇ ಹೆಸರು ಬರೆಸಿರಬೇಕು. ನಮ್ಮ ಚಿಕ್ಕಪ್ಪನಿಗೆ ಹೇಳಿ ಬರೆಸಿದೆ.

ಅವ್ವ ಈಗ ಹೊಲದ ಬದುವಿನವರೆಗೂ ನಡೆದು ಬರುತ್ತಾಳೆ. ರಕ್ತ ತೆಳುವಾಗೋ ಮಾತ್ರೆ ದಿನಾ ಬೇಕು, ಆಗಾಗ ರಕ್ತ ಪರೀಕ್ಷೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಸರ ಎದೆಯ ಗಾಯದ ಗುರುತಿಗೆ ತಾಗುತ್ತೆ ಅಂತ ಬಿಚ್ಚಿ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಬೆರಳಿನ ಊತ ಇಳಿದಿದೆ. ಕೊಂಡಿ ಅವಳೇ ಬಿಚ್ಚಿಕೊಂಡಳು.