ಮಲೆನಾಡಿನ ಮಳೆಗಾಲದಲ್ಲಿ ಹವಳದ ಟ್ಯಾಂಕ್: ಮೊದಲು ಕೆಎಚ್ ನೋಡಿ

ಉಪ್ಪುನೀರಿನ ಟ್ಯಾಂಕ್ ಇಟ್ಟವರು ಸಾಮಾನ್ಯವಾಗಿ ಮೊದಲು ಪಿಎಚ್ ಎಷ್ಟು ಅಂತ ನೋಡುತ್ತಾರೆ, ಆಮೇಲೆ ಕ್ಯಾಲ್ಸಿಯಂ. ನಾನು ಮೊದಲು ನೋಡುವುದು ಕೆಎಚ್, ಅಂದರೆ ನೀರಿನ ಕ್ಷಾರೀಯತೆ, ಆಮ್ಲವನ್ನು ತಡೆದುಕೊಳ್ಳುವ ಅದರ ಶಕ್ತಿ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಚಿಕ್ಕಮಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ 200 ಲೀಟರಿನ ಟ್ಯಾಂಕ್ ಇದೆ. ಅದರಲ್ಲಿ ಮೆದು ಹವಳಗಳು, ಕಲ್ಲಿನ ತುಂಬ ನೇರಳೆ ಬಣ್ಣದ ಕೊರಲೈನ್ ಪಾಚಿ, ಒಂದಷ್ಟು ಬಸವನಹುಳು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಅಂಗಡಿಯವರು ಏನೇ ಹೇಳಲಿ, ನಮ್ಮ ಕಡಲಿನಿಂದ ಕಿತ್ತು ತಂದದ್ದನ್ನು ದಯವಿಟ್ಟು ಕೊಳ್ಳಬೇಡಿ.

ಕೆಎಚ್ ಮೇಲೆ ಇಷ್ಟು ಗಮನ ಯಾಕೆ? ಕೊರಲೈನ್ ಪಾಚಿಯೂ ಚಿಪ್ಪಿನ ಜೀವಿಗಳೂ ಬೆಳೆಯುವಾಗ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಎರಡನ್ನೂ ಬಳಸಿಕೊಳ್ಳುತ್ತವೆ. 2.8 ಡಿಗ್ರಿ ಕೆಎಚ್ ಖರ್ಚಾಗುವಷ್ಟರಲ್ಲಿ ಕ್ಯಾಲ್ಸಿಯಂ ಇಳಿಯುವುದು ಬರೀ 20 ಪಿಪಿಎಂ (ಹೆಚ್ಚುಕಡಿಮೆ ಲೀಟರಿಗೆ 20 ಮಿಲಿಗ್ರಾಂ). ಕ್ಯಾಲ್ಸಿಯಂ 420 ಇದ್ದದ್ದು 400 ಆದರೆ ನೀರು ಪರೀಕ್ಷಿಸುವ ಕಿಟ್‌ನಲ್ಲಿ ಹೆಚ್ಚುಕಡಿಮೆ ಒಂದು ಹನಿಯ ವ್ಯತ್ಯಾಸ, ಕಣ್ಣಿಗೇ ಬೀಳುವುದಿಲ್ಲ. ಅಷ್ಟು ಹೊತ್ತಿಗೆ 8.5 ಇದ್ದ ಕೆಎಚ್ 5.7ಕ್ಕೆ ಬಂದು ನಿಂತಿರುತ್ತದೆ. ಸಮುದ್ರದಲ್ಲಿ ಕೆಎಚ್ ಸುಮಾರು 7. ಮನೆಯ ಟ್ಯಾಂಕಿಗೆ 7ರಿಂದ 10ರೊಳಗೆ ಎಷ್ಟಿದ್ದರೂ ನಡೆಯುತ್ತದೆ, ನಾನು 8ರ ಆಸುಪಾಸಿನಲ್ಲಿ ಇಡುತ್ತೇನೆ. ನೀವು ಯಾವ ಅಂಕಿ ಆರಿಸಿಕೊಂಡರೂ ಅದು ಅಲ್ಲೇ ನಿಲ್ಲಬೇಕು. ಹವಳ ಮುದುಡುವುದು ಏರಿಳಿತಕ್ಕೆ.

ಅಳೆಯುವುದು ಹೇಗೆಂದರೆ, ವಾರಕ್ಕೆ ಎರಡು ಸಲ, ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ. ಹನಿ ಎಣಿಸುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ 5 ಎಂಎಲ್ ನೀರಿಗೆ ಒಂದು ಹನಿ ಎಂದರೆ ಒಂದು ಡಿಗ್ರಿ. ನಮಗೆ ಅಷ್ಟು ಒರಟು ಲೆಕ್ಕ ಸಾಲದು. ನೀರನ್ನು 10 ಎಂಎಲ್ ತೆಗೆದುಕೊಳ್ಳಿ, ಆಗ ಒಂದು ಹನಿಗೆ ಅರ್ಧ ಡಿಗ್ರಿ. ಟ್ಯೂಬನ್ನು ಮೊದಲು ಟ್ಯಾಂಕಿನ ನೀರಿನಲ್ಲೇ ಎರಡು ಸಲ ಜಾಲಿಸಿ. ನೀರಿನ ಮೇಲ್ಮೈ ಗಾಜಿನಂಚಿನಲ್ಲಿ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ; ಕಣ್ಣನ್ನು ಅದರ ಮಟ್ಟಕ್ಕೇ ತಂದು, ಬಾಗಿನ ತಳ ಗೆರೆಗೆ ತಾಗುವಂತೆ ಅಳೆಯಿರಿ. ಬಾಟಲಿಯನ್ನು ನೆಟ್ಟಗೆ ತಲೆಕೆಳಗು ಹಿಡಿಯಿರಿ, ಓರೆಯಾಗಿ ಹಿಡಿದರೆ ಹನಿಯ ಗಾತ್ರವೇ ಬದಲಾಗುತ್ತದೆ. ಕಿಟ್‌ನ ದ್ರಾವಣಕ್ಕೆ ನೀಲಿಯಾದ ನೀರಿನಲ್ಲಿ, ಹನಿ ಬಿದ್ದ ಜಾಗದಲ್ಲಿ ಹಳದಿ ಎಳೆಯೊಂದು ಕಾಣಿಸಿ, ಅಲ್ಲಾಡಿಸಿದ ಕೂಡಲೇ ಮಾಯವಾಗುತ್ತದೆ. ಕೊನೆಕೊನೆಗೆ ಅದು ಮಾಯವಾಗಲು ಹೊತ್ತು ಹಿಡಿಯುತ್ತದೆ, ನೀರು ಹಸಿರಿಗೆ ತಿರುಗುತ್ತದೆ. ಅಲ್ಲಿಂದ ಮುಂದೆ ಅವಸರ ಬೇಡ. ಹಿಂದೆ ಬಿಳಿ ಹಾಳೆ ಹಿಡಿದು, ಹನಿ ಹಾಕಿದಾಗಲೆಲ್ಲ ಅಲ್ಲಾಡಿಸಿ, ಬಣ್ಣ ಪೂರ್ತಿ ಹಳದಿಯಾಗಿ ನಿಂತ ಹನಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಜುಲೈನಲ್ಲಿ ನಮ್ಮೂರಲ್ಲಿ ಹಗಲೂ ಮಬ್ಬಾಗಿರುತ್ತದೆ. ಹಾಗಾಗಿ ವರ್ಷವಿಡೀ ಒಂದೇ ಟ್ಯೂಬ್‌ಲೈಟಿನ ಕೆಳಗೆ ನೋಡುವುದು ಒಳ್ಳೆಯದು.

ಈಗ ಮಳೆಗಾಲದ ವಿಷಯ. ಟ್ಯಾಂಕಿನಿಂದ ಆವಿಯಾದ ನೀರಿನ ಬದಲಿಗೆ ನಾನು ಸುಣ್ಣದ ತಿಳಿನೀರು ಹಾಕುತ್ತೇನೆ. ಉಸಿರು ಊದಿದರೆ ಬೆಳ್ಳಗೆ ಕದಡುತ್ತದೆ ಅಂತ ಹೈಸ್ಕೂಲಿನಲ್ಲಿ ಮಾಡಿ ತೋರಿಸುತ್ತಾರಲ್ಲ, ಅದೇ. ಒಂದು ಲೀಟರ್ ಆರ್‌ಓ ನೀರಿಗೆ ಒಂದೂವರೆ ಗ್ರಾಂ ಲ್ಯಾಬ್ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕಲಸಿ, ಮುಚ್ಚಳ ಹಾಕಿ, ತಿಳಿಯಾಗಲು ಬಿಟ್ಟು ಮೇಲಿನ ನೀರನ್ನಷ್ಟೇ ಬಳಸಿ. ಎಲೆಅಡಿಕೆಯ ಸುಣ್ಣವಾಗಲಿ ಗೋಡೆಗೆ ಬಳಿಯುವ ಸುಣ್ಣವಾಗಲಿ ಬೇಡ. ಇದರ ಪಿಎಚ್ 12ರ ಮೇಲಿರುತ್ತದೆ, ಕಣ್ಣು ಕೈ ಜೋಪಾನ. ಮೆಡಿಕಲ್ ಶಾಪಿನಲ್ಲಿ ಸಿಗುವ ಡ್ರಿಪ್ ಸೆಟ್ ಕಟ್ಟಿ, ಟ್ಯಾಂಕಿನ ಪಿಎಚ್ ಇಳಿದಿರುವ ರಾತ್ರಿಯಲ್ಲಿ ಹನಿಹನಿಯಾಗಿ ಬಿಡಿ.

ಇಂಥ ತಿಳಿನೀರು ಒಂದು ಲೀಟರ್ ಹೋದರೆ 200 ಲೀಟರಿನಲ್ಲಿ ಕೆಎಚ್ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಏರುತ್ತದೆ. ಮಾರ್ಚ್‌ನಲ್ಲಿ ದಿನಕ್ಕೆ ಒಂದು ಲೀಟರ್ ಆವಿಯಾಗುವ ಟ್ಯಾಂಕಿನಲ್ಲಿ ಎಲ್ಲ ಸಮತೂಕ. ಜಡಿಮಳೆ ಹಿಡಿದು, ಬಟ್ಟೆ ಕೂಡ ಒಣಗದ ದಿನಗಳಲ್ಲಿ ಆವಿ ಅರ್ಧಕ್ಕೂ ಕೆಳಗಿಳಿಯುತ್ತದೆ. ಒಳಗೆ ಹೋಗುವ ಸುಣ್ಣವೂ ಅಷ್ಟೇ ಕಡಿಮೆ. ಪಾಚಿಯ ಹಸಿವು ಮಾತ್ರ ಕಡಿಮೆಯಾಗುವುದಿಲ್ಲ. ಹೀಗೆ ದಿನಕ್ಕೆ ಕಾಲು ಡಿಗ್ರಿ ಕೊರತೆ ಬಿದ್ದರೂ ಎರಡು ವಾರಕ್ಕೆ ಮೂರೂವರೆ ಡಿಗ್ರಿ ಹೋಗಿಬಿಡುತ್ತದೆ. ಜೂನ್ ಮೊದಲ ವಾರದಿಂದಲೇ ದಿನ ಬಿಟ್ಟು ದಿನ ಕೆಎಚ್ ನೋಡಿ ಎಂದು ಹೇಳುವುದು ಇದಕ್ಕೇ.

ಕೊರತೆ ತುಂಬಲು ಅಡುಗೆ ಸೋಡಾ ಸಾಕು. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಆಮ್ಲದ ಪುಡಿಯೂ ಬೆರೆತಿರುತ್ತದೆ. 100 ಲೀಟರಿಗೆ 3 ಗ್ರಾಂ ಹಾಕಿದರೆ ಒಂದು ಡಿಗ್ರಿ ಏರುತ್ತದೆ. ಆರ್‌ಓ ನೀರಿನಲ್ಲಿ ಪೂರ್ತಿ ಕರಗಿಸಿ, ಪಂಪಿನ ಹರಿವು ಜೋರಾಗಿರುವ ಕಡೆ ನಿಧಾನವಾಗಿ ಸುರಿಯಿರಿ. ಎಷ್ಟೇ ಇಳಿದಿದ್ದರೂ ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸಬೇಡಿ, ಅರ್ಧ ಡಿಗ್ರಿಯಾದರೆ ಇನ್ನೂ ಒಳ್ಳೆಯದು.

ಪಿಎಚ್ ಕೂಡ ಇದೇ ಕಾಲದಲ್ಲಿ ಕುಸಿಯುತ್ತದೆ. ಇರಚಲಿಗೆ ಕಿಟಕಿ ಬಾಗಿಲು ಮುಚ್ಚಿಕೊಂಡು ಮನೆಮಂದಿಯೆಲ್ಲ ಒಳಗೇ ಇದ್ದರೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತದೆ, ಅದು ನೀರಿಗೂ ಇಳಿಯುತ್ತದೆ. ಅನುಮಾನ ಇದ್ದರೆ ಒಂದು ಲೋಟ ಟ್ಯಾಂಕಿನ ನೀರನ್ನು ವರಾಂಡದಲ್ಲಿಟ್ಟು ಒಂದು ಗಂಟೆ ಏರ್ ಪಂಪ್ ಬಿಟ್ಟು ಅಳೆಯಿರಿ. ಪಿಎಚ್ ಏರಿದರೆ ತಪ್ಪು ಮನೆಯ ಗಾಳಿಯದು. ಸ್ಕಿಮ್ಮರಿನ (ಗಾಳಿಯ ಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಸಾಧನ) ಗಾಳಿಯ ಪೈಪನ್ನು ಕಿಟಕಿಯ ಆಚೆಗೆ ಹಾಯಿಸಿ. ಪಿಎಚ್ ಏರಿಸುವ ಬಾಟಲಿಗಳಿಗೆ ದುಡ್ಡು ಹಾಕಬೇಡಿ. 7.8ರಿಂದ 8.3ರವರೆಗೆ ಇದ್ದರೆ ಚಿಂತೆ ಇಲ್ಲ.

ಎದುರು ಮನೆಯ ಹುಡುಗ ಕೇಳಿದ್ದ: "ಆಂಟಿ, ನಮ್ಮ ಮಾವ ಮಂಗಳೂರಿಗೆ ಹೋಗ್ತಾ ಇರ್ತಾರೆ, ಎರಡು ಕ್ಯಾನ್ ಸಮುದ್ರದ ನೀರು ತರಿಸ್ಲಾ?" ಬೇಡ ಕಣೋ ಅಂದೆ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ ತುಂಬಿ ಹರಿದು ದಡದ ನೀರಿನ ಉಪ್ಪನ್ನೇ ತೆಳುವಾಗಿಸುತ್ತವೆ, ಜೊತೆಗೆ ಊರಿನ ಕೊಳೆಯೂ ಬರುತ್ತದೆ. ಹವಳದ ಟ್ಯಾಂಕಿಗೆಂದೇ ಮಾರುವ ರೀಫ್ ಉಪ್ಪನ್ನು ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆ ತೋರಿಸುವ ನೀರಿನಲ್ಲಿ ಕಲಸುವುದೇ ಸರಿ. ಅಡುಗೆಮನೆಯ ಆರ್‌ಓ ಯಂತ್ರಗಳಲ್ಲಿ ರುಚಿಗೆಂದು ಒಂದಿಷ್ಟು ಮೂಲ ನೀರನ್ನು ಬೆರೆಸುವ ತಿರುಪು ಇರುವುದುಂಟು, ಅದನ್ನು ಮುಚ್ಚಿಸಿ, ಮುಂದೆ ಡಿಐ ರೆಸಿನ್ ಡಬ್ಬಿ (ಉಳಿದ ಲವಣಗಳನ್ನು ಹಿಡಿದುಕೊಳ್ಳುವ ಹರಳುಗಳ ಡಬ್ಬಿ) ಸೇರಿಸಿ.

ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಆರ್‌ಓ ನೀರಿನಿಂದ ಸೊನ್ನೆಗೆ ಕೂರಿಸಿದರೆ ಸಾಲದು. 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಆರ್‌ಓ ನೀರಿನಲ್ಲಿ ಕರಗಿಸಿ ಅದರ ಹನಿ ಹಾಕಿ. ಗೆರೆ 35ಕ್ಕೆ ಬರುವಂತೆ ತಿರುಪು ತಿರುಗಿಸಿ. ಉಪ್ಪು ತಪ್ಪಿದರೆ ಉಳಿದ ಅಳತೆಗಳೂ ತಪ್ಪುತ್ತವೆ.

ಉಳಿದ ಅಂಕಿಗಳು, ಎಲ್ಲವೂ ಪಿಪಿಎಂನಲ್ಲಿ: ಕ್ಯಾಲ್ಸಿಯಂ 400ರಿಂದ 450, ಹದಿನೈದು ದಿನಕ್ಕೊಮ್ಮೆ ನೋಡಿ. ಮೆಗ್ನೀಸಿಯಂ 1250ರಿಂದ 1350, ತಿಂಗಳಿಗೊಮ್ಮೆ. ಇದು ಕಡಿಮೆಯಾದರೆ ಹೀಟರಿನ ಮೇಲೆ ಸುಣ್ಣ ಕಟ್ಟಿ, ಕೆಎಚ್ ಎಷ್ಟು ಏರಿಸಿದರೂ ನಿಲ್ಲುವುದಿಲ್ಲ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1. ಇವೆರಡನ್ನೂ ಸೊನ್ನೆಗೆ ಇಳಿಸಬೇಡಿ, ಹವಳಕ್ಕೂ ಊಟ ಬೇಕು.

ಕಿಟ್‌ಗಳಲ್ಲಿ ಬರುವ ಪುಡಿಯ ರೂಪದ ರೀಏಜೆಂಟುಗಳು (ಪರೀಕ್ಷೆಯ ರಾಸಾಯನಿಕಗಳು) ನಮ್ಮ ತೇವದ ಹವೆಗೆ ಗಂಟು ಕಟ್ಟುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಹೊಸ ಕೆಎಚ್ ಕಿಟ್ ತೆರೆದಾಗಲೆಲ್ಲ ಅದನ್ನೇ ಒಮ್ಮೆ ಪರೀಕ್ಷಿಸಿ: 2.4 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ಆರ್‌ಓ ನೀರಿನಲ್ಲಿ ಕರಗಿಸಿ, ಅದರಲ್ಲಿ 100 ಎಂಎಲ್ ತೆಗೆದು ಮತ್ತೆ ಆರ್‌ಓ ನೀರು ಸೇರಿಸಿ ಒಂದು ಲೀಟರ್ ಮಾಡಿ. ಈ ನೀರಿನ ಕೆಎಚ್ 8. ನಿಮ್ಮ ಕಿಟ್ 9 ತೋರಿಸಿದರೆ ಡಬ್ಬಿಯ ಮೇಲೆ ಹಾಗೆಂದು ಬರೆದು, ಆ ಬಾಟಲಿ ಮುಗಿಯುವವರೆಗೂ ಪ್ರತಿ ಅಳತೆಯಲ್ಲಿ ಒಂದು ಕಳೆಯಿರಿ.